ಒಂದು ಹೂಂ

ಗೆಳೆಯನ ತಾಯಿ ತೀರಿಕೊಂಡಿದ್ದರು. ಮಾತಾಡಿಸಿ ಬರೋಣ ಅಂತ ಹೋಗಿದ್ದೆ. ಮಾತಿನ ನಡುವೆ ಅವನು, "ಅಮ್ಮ ಎಲ್ಲಿಂದಲೋ ನನ್ನನ್ನ ನೋಡ್ತಾ ಇರ್ತಾಳೆ, ಅಲ್ವಾ?" ಎಂದ. ನಾನು "ಹೂಂ" ಎಂದೆ. ನನಗೆ ಅಂಥ ನಂಬಿಕೆ ಏನೇನೂ ಇಲ್ಲ. ಆದರೂ ಹೂಂ ಬಂದೇಬಿಟ್ಟಿತು, ಚೂರೂ ತಡವರಿಸದೆ.

ವಾಪಸು ಬರುವಾಗ ಕಿರಿಕಿರಿ ಶುರುವಾಯಿತು. ಹೇಳಿದ್ದು ಸಮಾಧಾನವೋ, ಸುಳ್ಳೋ?

ನಂಬಿಕೆಯ ವಿಷಯದಲ್ಲಿ ಭಾರಿ ಖಡಕ್ ಮನುಷ್ಯ ಎಂದರೆ ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್. 1877ರಲ್ಲಿ ಆತ ಹಡಗಿನ ಮಾಲೀಕನೊಬ್ಬನ ಕಥೆ ಕಟ್ಟಿದ. ಹಡಗು ಹಳೆಯದು. ರಿಪೇರಿ ಆಗಬೇಕೇನೋ ಅಂತ ಮಾಲೀಕನಿಗೆ ಅನುಮಾನ. ಆದರೆ ಅದಕ್ಕೆ ಖರ್ಚು ಜಾಸ್ತಿ. ಇಷ್ಟು ಸಲ ಹೋಗಿ ಬಂದಿದೆ, ದೇವರು ಕಾಪಾಡುತ್ತಾನೆ ಅಂತ ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುತ್ತಾ ಹೇಳಿಕೊಳ್ಳುತ್ತಾ ನಿಜವಾಗಿಯೂ ನಂಬಿದ. ಹಗುರ ಮನಸ್ಸಿನಿಂದ ಹಡಗನ್ನು ಬೀಳ್ಕೊಟ್ಟ. ನಡುಗಡಲಲ್ಲಿ ಅದು ಪ್ರಯಾಣಿಕರ ಸಮೇತ ಮುಳುಗಿತು. ಅವನು ವಿಮೆ ಹಣ ಎಣಿಸಿಕೊಂಡ. ಕ್ಲಿಫರ್ಡ್ ಅಲ್ಲಿಗೂ ಬಿಡುವುದಿಲ್ಲ. ಹಡಗು ಸುಖವಾಗಿ ದಡ ಸೇರಿದ್ದರೂ ಅವನು ತಪ್ಪಿತಸ್ಥನೇ ಅನ್ನುತ್ತಾನೆ. ಆಧಾರವಿಲ್ಲದೆ ಹಾಗೆ ನಂಬುವ ಹಕ್ಕೇ ಅವನಿಗೆ ಇರಲಿಲ್ಲವಂತೆ.

ಸರಿಯೇ. ಆದರೆ ನನ್ನ ಗೆಳೆಯನ ಹಡಗಿನಲ್ಲಿ ಬೇರೆ ಯಾರೂ ಇರಲಿಲ್ಲವಲ್ಲ! 1896ರಲ್ಲಿ ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ ಎಂಬಾತ ಕ್ಲಿಫರ್ಡ್‌ಗೆ ಎದುರು ಮಾತಾಡಿದ. ಬುದ್ಧಿಯಿಂದ ಬಗೆಹರಿಯದ, ಮುಂದಕ್ಕೂ ಹಾಕಲಾಗದ ದೊಡ್ಡ ಪ್ರಶ್ನೆಗಳಲ್ಲಿ ಮನಸ್ಸು ಒಲಿದ ಕಡೆ ಹೋಗುವುದು ತಪ್ಪಲ್ಲ ಎಂದ. ಅಂತೂ ನನ್ನ ಹೂಂಗೆ ಒಬ್ಬ ಜಾಮೀನುದಾರ ಸಿಕ್ಕ.

ಇನ್ನು, ನಂಬಿಕೆಯಿಂದ ಸಂತೋಷ ಸಿಗುತ್ತದೆಯೇ ಎಂಬ ಮಾತು. ಅಮೆರಿಕದಲ್ಲಿ 2010ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಪ್ರಾರ್ಥನೆಗೆ ತಪ್ಪದೆ ಹೋಗುವವರಿಗೆ ಬದುಕಿನಲ್ಲಿ ತೃಪ್ತಿ ಹೆಚ್ಚು. ಆದರೆ ಅಲ್ಲಿ ಆಪ್ತ ಗೆಳೆಯರು ಇದ್ದರೆ ಮಾತ್ರ. ಒಬ್ಬರೇ ಹೋಗಿ ಒಬ್ಬರೇ ಬರುವವರಿಗೆ ಅಷ್ಟೇನೂ ಲಾಭವಿಲ್ಲ. ಎಂದರೆ, ನಂಬಿಕೆಯ ಲೆಕ್ಕಕ್ಕೆ ನಾವು ಬರೆದುಕೊಂಡ ಸುಖದಲ್ಲಿ ದೊಡ್ಡ ಪಾಲು ಪಕ್ಕದಲ್ಲಿ ಕೂತವರದು.

ಇಷ್ಟಾದರೂ ಒಂದು ಮುಳ್ಳು ಉಳಿದೇ ಇತ್ತು. ಅವತ್ತು ನಾನು, "ಸುಳ್ಳೇ ಇರಲಿ ಬಿಡೋ, ನಿನಗೆ ನೆಮ್ಮದಿ ಸಿಗುತ್ತಲ್ಲ" ಎಂದಿದ್ದರೆ? ಅವನು ಬಾಗಿಲು ತೋರಿಸುತ್ತಿದ್ದ. ನಿಜ ಅಂದುಕೊಂಡರೆ ತಾನೇ ಅದು ನೆಮ್ಮದಿ? ಅವನು ಕೇಳಿದ್ದು ಸಂತೋಷವನ್ನಲ್ಲ. ಆ "ಅಲ್ವಾ"ದಲ್ಲಿ ಕೇಳಿದ್ದು, ಇದು ನಿಜವಾ ಅಂತ. ನಾನು ಮಾತ್ರ ಪ್ರಶ್ನೆಯನ್ನೇ ಬದಲಾಯಿಸಿಕೊಂಡು ಉತ್ತರ ಕೊಟ್ಟಿದ್ದೆ.

ಕೆಲವು ದಿನ ಬಿಟ್ಟು ಅವನೇ ಫೋನ್ ಮಾಡಿದ. "ಅವತ್ತು ಹೂಂ ಅಂದೆಯಲ್ಲ, ನೀನು ನಂಬ್ತೀಯೇನೋ?"

"ಇಲ್ಲ ಕಣೋ."

"ಗೊತ್ತಿತ್ತು ಬಿಡು" ಎಂದ. ಆಮೇಲೆ ಅರ್ಧ ಗಂಟೆ ಅಮ್ಮನ ಬಗ್ಗೆಯೇ ಮಾತಾಡಿದ. ನಾನು ಹೂಂಗುಟ್ಟುತ್ತಾ ಕೇಳಿದೆ.