ಮದ್ದೆಲ್ಲ ಒಂದೇ ಎನ್ನುವವರಿಗೆ

ರಾಕೆಟ್ಟಿನ ಮಾತು ಬಂದರೆ ಬೆಂಗಳೂರಿನವರ ಎದೆ ಉಬ್ಬುತ್ತದೆ. ಟಿಪ್ಪುವಿನ ಕಬ್ಬಿಣದ ಕೊಳವೆಗಳು, ಪೇಟೆಯೊಳಗಿನ ತಾರಾಮಂಡಲಪೇಟೆ, 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸ್ ಕೋಟೆ ಹಿಡಿದದ್ದು, ಎಲ್ಲವೂ ಬಸವನಗುಡಿಯ ನಮ್ಮ ನೆಂಟರ ಮನೆಯಲ್ಲಿ ಊಟದ ಎಲೆಯ ಮುಂದೆಯೇ ಚರ್ಚೆಯಾಗುತ್ತವೆ. ಆದರೆ ಆ ಕಾಲದ ಕೋವಿಗೆ ಎಂಥ ಮದ್ದು ಹಾಕುತ್ತಿದ್ದರು, ಹೇಗೆ ತುಂಬುತ್ತಿದ್ದರು ಎಂದು ಕೇಳಿ ನೋಡಿ. ‘ಮದ್ದು ಮದ್ದೇ, ಅದರಲ್ಲೇನು ವಿಶೇಷ’ ಎಂಬ ಉತ್ತರ ಬರುತ್ತದೆ. ನನ್ನ ತಕರಾರು ಈ ಉತ್ತರದ ಮೇಲೆ.

ನಾನಿರುವ ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಕಳೆದ ಮೇಲೆ ಜಿಂಕೆ ಬೇಟೆಗೆ ಒಂದು ಪ್ರತ್ಯೇಕ ಋತುವಿದೆ. ಅದರಲ್ಲಿ ಬಳಸುವ ಕೋವಿಗೆ ಕಿಡಿ ಹೊತ್ತುವುದು ಚಕಮಕಿ ಕಲ್ಲಿನಿಂದಲೇ ಆಗಬೇಕು. ನಾನು ಬೇಟೆಯವನಲ್ಲ, ಕಾಗದದ ಗುರಿಗೆ ಹೊಡೆಯುವವನು. ಆದರೂ ಹಿಮದಲ್ಲಿ ಬೆರಳು ಮರಗಟ್ಟಿರುವಾಗಲೂ ಅಳತೆಯ ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಮದ್ದಿನ ಮೇಲ್ಭಾಗವನ್ನು ಸಮ ಮಾಡುವ ಅಲ್ಲಿನ ಹಳಬರನ್ನು ನೋಡುವುದೇ ಒಂದು ಪಾಠ.

ಕಪ್ಪು ಮದ್ದು ಎಂದರೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇಷ್ಟು ಶಾಲೆಯಲ್ಲೇ ಓದಿರುತ್ತೇವೆ. ಆದರೆ ಅಂಗಡಿಯಲ್ಲಿ ಕೇಳುವುದು ಪಾಕವನ್ನಲ್ಲ, ಹರಳಿನ ಗಾತ್ರವನ್ನು. ಇಡ್ಲಿ ರವೆ, ಉಪ್ಪಿಟ್ಟಿನ ರವೆ, ಚಿರೋಟಿ ರವೆ ಎಂದು ನಾವು ಬೇರೆ ಮಾಡುವುದಿಲ್ಲವೇ, ಹಾಗೆ. ಎಫ್ ಜೊತೆಗಿನ ಅಂಕೆ ಏರಿದಷ್ಟೂ ಹರಳು ಸಣ್ಣ. 1ಎಫ್ ದಪ್ಪ ಹರಳು, ಫಿರಂಗಿಗೂ ದೊಡ್ಡ ಬಾಯಿಯ ಮಸ್ಕೆಟ್ಟಿಗೂ ಸರಿ. 2ಎಫ್ ಅರ್ಧ ಇಂಚು ಮತ್ತು ಅದಕ್ಕೂ ಮೇಲಿನ ನಳಿಗೆಗೆ. 3ಎಫ್ ಅರ್ಧ ಇಂಚು ಮತ್ತು ಅದಕ್ಕೂ ಕೆಳಗಿನದಕ್ಕೆ. 4ಎಫ್ ಹುಡಿಯಂಥದು, ನಳಿಗೆಯ ಹೊರಗಿನ ಪುಟ್ಟ ಬಟ್ಟಲಲ್ಲಿ ರಂಜಕವಾಗಿ, ಅಂದರೆ ಒಳಗಿನ ಮದ್ದಿಗೆ ಬೆಂಕಿ ಮುಟ್ಟಿಸುವ ಮದ್ದಾಗಿ, ಉರಿಯುವುದಷ್ಟೇ ಅದರ ಕೆಲಸ. ಹರಳು ಸಣ್ಣದಾದಷ್ಟೂ ಬೇಗ ಉರಿಯುತ್ತದೆ, ಒತ್ತಡ ಏರುತ್ತದೆ. ಆದ್ದರಿಂದ 2ಎಫ್‌ನಿಂದ 3ಎಫ್‌ಗೆ ಬದಲಾಯಿಸುವವರು ಅಳತೆಯನ್ನು ಕಡಿಮೆ ಮಾಡುತ್ತಾರೆ. ಇಂದಿನ ಹೊಗೆರಹಿತ ಮದ್ದನ್ನಂತೂ ಈ ಕೋವಿಗಳ ಹತ್ತಿರವೂ ತರಬಾರದು, ನಳಿಗೆಯೇ ಸಿಡಿದು ಹೋಗುತ್ತದೆ. ಪೈರೋಡೆಕ್ಸ್‌ನಂಥ ಬದಲಿ ಮದ್ದುಗಳು ಹೊತ್ತಿಕೊಳ್ಳಲು ಹೆಚ್ಚು ಶಾಖ ಕೇಳುತ್ತವೆ. ಕೇಪಿನ (ಪೆಟ್ಟು ಬಿದ್ದಾಗ ಸಿಡಿಯುವ ಪುಟ್ಟ ಲೋಹದ ಟೋಪಿಯ) ಬಿಸಿಗೆ ಅವು ಉರಿದಾವು, ಚಕಮಕಿಯ ಕಿಡಿಗೆ ಬಗ್ಗುವುದಿಲ್ಲ.

ತುಂಬುವ ಕ್ರಮದಲ್ಲಂತೂ ಒಂದೊಂದು ಹೆಜ್ಜೆಗೂ ಕಾರಣವಿದೆ. ಮೊದಲು ಗಜ, ಅಂದರೆ ಮದ್ದುಗುಂಡು ಅದುಮುವ ಉದ್ದ ಕೋಲು, ಇಳಿಸಿ ನಳಿಗೆ ಖಾಲಿಯಿದೆಯೇ ಎಂದು ನೋಡಬೇಕು. ಮದ್ದು ತುಂಬಿಟ್ಟ ಕೊಂಬಿನಿಂದ ನೇರವಾಗಿ ಸುರಿಯುವಂತಿಲ್ಲ. ಹಿಂದಿನ ಹೊಡೆತದ ಕೆಂಡ ತಳದಲ್ಲಿ ಉಳಿದಿದ್ದರೆ ಕೊಂಬು ಕೈಯಲ್ಲೇ ಸಿಡಿಯುತ್ತದೆ. ಅದಕ್ಕಾಗಿಯೇ ನಡುವೆ ಅಳತೆಯ ಕೊಳವೆ. ಎಷ್ಟು ಗ್ರೇನ್ (ಮದ್ದಿನ ಅಳತೆ) ಎಂಬುದಕ್ಕೆ ಕೋವಿ ತಯಾರಿಸಿದವರ ಸೂಚನೆಯೇ ಪ್ರಮಾಣ. ಆಮೇಲೆ ಎಣ್ಣೆ ಸವರಿದ ಬಟ್ಟೆಯ ತುಂಡಿನಲ್ಲಿ ಸುತ್ತಿದ ಸೀಸದ ಗುಂಡನ್ನು ಮದ್ದಿನ ಮೇಲೆ ಕೂರುವವರೆಗೂ ಇಳಿಸಬೇಕು. ನಡುವೆ ಗಾಳಿಯ ಸಂದು ಉಳಿದರೆ ನಳಿಗೆ ಅಲ್ಲೇ ಉಬ್ಬುತ್ತದೆ, ಕೆಲವೊಮ್ಮೆ ಒಡೆಯುತ್ತದೆ. ಗುಂಡು ಪೂರ್ತಿ ಕೂತಿದೆಯೇ ಎಂದು ತಿಳಿಯಲು ಗಜದ ಮೇಲೆ ಗೆರೆ ಕೊರೆದಿರುವುದು ಈ ಭಯದಿಂದ. ರಂಜಕ ಕೊನೆಗೆ, ಅದೂ ಬಟ್ಟಲಿನ ಅರ್ಧಕ್ಕಿಂತ ಕಡಿಮೆ. ಬಟ್ಟಲಿನಿಂದ ನಳಿಗೆಯೊಳಕ್ಕೆ ಹೋಗುವ ತೂತಿಗೆ ಮದ್ದು ತುರುಕಿದರೆ ಅದು ಬತ್ತಿಯಂತೆ ನಿಧಾನವಾಗಿ ಉರಿದು ಒಳಗೆ ಮುಟ್ಟುತ್ತದೆ, ಅಷ್ಟರಲ್ಲಿ ಕೈ ಅಲುಗಿರುತ್ತದೆ. ತೂತು ಖಾಲಿಯಿದ್ದರೆ ಬಟ್ಟಲಿನ ಜ್ವಾಲೆ ನೇರವಾಗಿ ಒಳಕ್ಕೆ ಹಾರುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದು ಎಂಬ ನಮ್ಮ ಸಹಜಬುದ್ಧಿ ಇಲ್ಲಿ ಪೂರ್ತಿ ತಲೆಕೆಳಗು.

ಮಲೆನಾಡಿನ ನಮ್ಮ ಕಡೆಯ ಮನೆಗಳಲ್ಲಿ ಮದ್ದಿನ ಲೆಕ್ಕ ಬೆರಳಿನಲ್ಲಿತ್ತು. ಈಡು ತುಂಬಿದ ಮೇಲೆ ಗಜ ಎಷ್ಟು ಬೆರಳು ಹೊರಗೆ ನಿಂತಿದೆ ಎಂದು ನೋಡುವುದು. ಯಾರ ಬೆರಳು ಎಂದು ಯಾರೂ ಕೇಳುತ್ತಿರಲಿಲ್ಲ. ಆ ಹಿರಿಯರನ್ನು ದಡ್ಡರೆನ್ನಲಾರೆ. ಅವರದು ಕೇಪಿನ ಕೋವಿ, ಆಷಾಢದ ಮಳೆಯ ಊರು. ಮುಚ್ಚಿದ ಕೇಪು ತೇವವನ್ನೂ ದಪ್ಪ ಹರಳನ್ನೂ ಒಂದಿಷ್ಟು ಸಹಿಸಿಕೊಳ್ಳುತ್ತದೆ. ಚಕಮಕಿ ಕೋವಿಗೆ ಆ ಉದಾರತೆಯಿಲ್ಲ. ಉರಿದ ಮದ್ದಿನ ಮಸಿ ಗಾಳಿಯ ತೇವವನ್ನು ಹೀರಿ ಬಟ್ಟಲಿನಲ್ಲಿ ಕಪ್ಪು ಕೆಸರಾಗುತ್ತದೆ, ಮುಂದಿನ ಕಿಡಿ ಅದರಲ್ಲೇ ಸಾಯುತ್ತದೆ. ಮದ್ದೆಲ್ಲ ಒಂದೇ ಎಂಬ ಮಾತು ಕೇಪು ಬಂದ ಮೇಲೆ ಹುಟ್ಟಿದ್ದಿರಬೇಕು ಎಂದು ನನ್ನ ಗುಮಾನಿ. ಅದಕ್ಕೂ ಹಿಂದೆ, ಬೆಂಗಳೂರು ಕೋಟೆಯ ಕಾಲದ ಸಿಪಾಯಿಗೆ ಹಾಗೆ ಹೇಳುವ ಧೈರ್ಯ ಇದ್ದಿರಲಾರದು.

ಹಾಗೆಂದು ಅಮೆರಿಕದ ರೀತಿಯೇ ಸರಿ ಎಂದು ನಾನು ಒಪ್ಪುವುದಿಲ್ಲ. ಪುರಾತನ ಮಾದರಿಯ ಕೋವಿಗೆಂದು ಅಲ್ಲಿ 50 ಪೌಂಡ್‌ವರೆಗೆ, ಅಂದರೆ ಸುಮಾರು 23 ಕಿಲೋ ಕಪ್ಪು ಮದ್ದನ್ನು ಒಕ್ಕೂಟ ಸರ್ಕಾರದ ಪರವಾನಗಿಯಿಲ್ಲದೆ ಕೊಳ್ಳಬಹುದು. ನೆರೆಮನೆಯವನ ನೆಲಮಾಳಿಗೆಯಲ್ಲಿ ಅಷ್ಟಿದೆ ಎಂದರೆ ನನಗೆ ನಿದ್ದೆ ಬಾರದು. ನಮ್ಮಲ್ಲಿ ಕೊಡಗಿನ ವಿನಾಯಿತಿ ಬಿಟ್ಟರೆ, ತೋಟ ಕಾಯುವ ಒಂಟಿ ನಳಿಗೆಯ ಕೋವಿಗೂ ಪರವಾನಗಿ ಬೇಕು, ಚುನಾವಣೆ ಬಂದರೆ ಅದನ್ನು ಠಾಣೆಗೆ ಒಪ್ಪಿಸಬೇಕು. ಬೆಳೆಗಾರರು ಗೊಣಗುತ್ತಾರೆ, ಅದರಲ್ಲಿ ನ್ಯಾಯವೂ ಇದೆ. ಆದರೂ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಠಾಣೆಯ ಕಡೆಗೇ ವಾಲುತ್ತೇನೆ.

ನನಗೆ ಹೊಟ್ಟೆಕಿಚ್ಚು ಬೇರೆ ಕಡೆ. ಡೆಲವೇರ್‌ನ ಬ್ರಾಂಡಿವೈನ್ ಹೊಳೆಯ ದಡದಲ್ಲಿ ಡ್ಯೂಪಾಂಟ್ ಕುಟುಂಬ 1802ರಲ್ಲಿ ಕಟ್ಟಲಾರಂಭಿಸಿದ ಮದ್ದಿನ ಗಿರಣಿಗಳು ಈಗ ಹ್ಯಾಗ್ಲಿ ಎಂಬ ವಸ್ತುಸಂಗ್ರಹಾಲಯ. ಮೂರು ಕಡೆ ದಪ್ಪ ಕಲ್ಲಿನ ಗೋಡೆ, ಹೊಳೆಯ ಕಡೆಗೆ ಮಾತ್ರ ಹಗುರವಾದ ಗೋಡೆ; ಸಿಡಿದರೆ ಸಿಡಿತವೆಲ್ಲ ನೀರಿನ ಮೇಲೆ ಹೋಗಲಿ ಎಂದು. ಅಲ್ಲಿನ ಜನರಿಗೆ ಇದನ್ನೆಲ್ಲ ತೋರಿಸಿ ಹೇಳುವವರಿದ್ದಾರೆ. ಅಮೆರಿಕದ ಅಂತರ್ಯುದ್ಧ ಶುರುವಾದಾಗ, 1861ರಲ್ಲಿ, ಅದೇ ಕುಟುಂಬದವನೊಬ್ಬ ಪೆಟ್ಲುಪ್ಪು ಕೊಳ್ಳಲು ಇಂಗ್ಲೆಂಡಿಗೆ ಓಡಿದ. ಅವನು ಕೊಂಡದ್ದು ಭಾರತದಿಂದ ಬಂದ ಸರಕು. ನಮ್ಮ ನೆಲದ ಪೆಟ್ಲುಪ್ಪಿನ ಕಥೆಯನ್ನು ನಾನು ಕೇಳಿದ್ದು ಆ ಸಂಗ್ರಹಾಲಯದವರಿಂದ.

ಶ್ರೀರಂಗಪಟ್ಟಣದಲ್ಲಿ ಜೋಡಿ ರೈಲು ಮಾರ್ಗಕ್ಕಾಗಿ ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದನ್ನು 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದೆವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ಟಿನ ಕೊಳವೆಗಳನ್ನು ಮೇಲೆತ್ತಿದೆವು. ಗೋಡೆ ಉಳಿಸಲು, ಕಬ್ಬಿಣ ಉಳಿಸಲು ನಮಗೆ ಬರುತ್ತದೆ. ಕೃಷ್ಣರಾಜ ಮಾರುಕಟ್ಟೆಯ ಪಕ್ಕದ ಕೋಟೆಯ ದೆಹಲಿ ಬಾಗಿಲೊಳಗೆ ಒಂದು ಮೇಜು, ನಾಲ್ಕು ಗಾತ್ರದ ಕಪ್ಪು ಹರಳುಗಳ ನಾಲ್ಕು ಶೀಶೆ, ಮರದ ಕೋವಿಯೊಂದು, ಗಜ, ಅಳತೆಯ ಕೊಳವೆ ಇಟ್ಟು ಶನಿವಾರ ಭಾನುವಾರ ಶಾಲಾ ಮಕ್ಕಳಿಗೆ ತುಂಬುವ ಕ್ರಮ ತೋರಿಸಲು ಒಬ್ಬರು ಸಾಕು. ಹರಳುಗಳು ಬಣ್ಣ ಬಳಿದ ಮರಳಾದರೂ ನಡೆಯುತ್ತದೆ, ಕಿಡಿ ಹಾರಿಸುವ ಅಗತ್ಯವೇ ಇಲ್ಲ. ಟಿಕೆಟ್ ಇಟ್ಟರೂ ನಾನು ಕೊಟ್ಟು ನೋಡುತ್ತೇನೆ.