ರೆಪೊ ಪ್ರೈವೇಟ್ ಇದೆ, ಸರಿ. ಒಳಗೆ ಯಾರ್ಯಾರು ಇದ್ದಾರೆ?

ಹಿಂಜವಡಿ, ವಾಕಡ್, ಖರಾಡಿ ಕಡೆಯ ಸಣ್ಣ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪುಣೆಯಲ್ಲಿ ನಮ್ಮವರು ಸೇರಿದ ಕಡೆಯೆಲ್ಲ ಒಂದು ಮಾತು ಕೇಳುತ್ತೇನೆ. 'ನಮ್ಮ ಕೋಡಿಗೆ ಏನೂ ಭಯ ಇಲ್ರೀ, ಗಿಟ್‌ಹಬ್‌ನಾಗ ಪ್ರೈವೇಟ್ ಮಾಡಿ ಇಟ್ಟೀವಿ.' ಗಿಟ್‌ಹಬ್ ಅಂದರೆ ಕೋಡ್ ಇಟ್ಟು ಹಲವರು ಸೇರಿ ಕೆಲಸ ಮಾಡುವ ತಾಣ, ಅಲ್ಲಿ ಒಂದು ಪ್ರಾಜೆಕ್ಟಿನ ಕೋಡ್ ಇರುವ ಜಾಗವೇ ರೆಪೊ. ಪ್ರೈವೇಟ್ ಮಾಡಿದ ಅಷ್ಟಕ್ಕೇ ನಿಶ್ಚಿಂತರಾಗುವುದು ತಪ್ಪು. ಪ್ರೈವೇಟ್ ಅನ್ನುವ ಆ ಬಟನ್ ಹೊರಗಿನವರನ್ನು ತಡೆಯುತ್ತದೆ. ಒಳಗಿರುವವರು ಯಾರು, ಅವರು ಏನೇನು ಮಾಡಬಹುದು ಅನ್ನುವುದನ್ನು ನಾವೇ ಕೂತು ನೋಡಬೇಕು.

ಊಬರ್ ಕತೆ ನೆನಪಿದೆಯಾ? 2016ರಲ್ಲಿ ಕಳ್ಳರು ಅದರ ಎಂಜಿನಿಯರ್‌ಗಳು ಬಳಸುತ್ತಿದ್ದ ಪ್ರೈವೇಟ್ ರೆಪೊ ಒಳಗೇ ಹೊಕ್ಕರು. ಅಲ್ಲಿ ಅಮೆಜಾನ್ ಕ್ಲೌಡ್‌ನ ಕೀ, ಅಂದರೆ ಒಳಹೋಗಲು ಬೇಕಾದ ಗುಪ್ತ ಸಂಕೇತ, ಸಿಕ್ಕಿತು. ಅದರಿಂದ 5.7 ಕೋಟಿ ಜನರ ಮಾಹಿತಿ ಅವರ ಕೈ ಸೇರಿತು, ಜಗತ್ತಿಗೆ ಗೊತ್ತಾದದ್ದು ಮಾತ್ರ 2017ರ ನವೆಂಬರ್‌ನಲ್ಲಿ. ಆ ರೆಪೊ ಪ್ರೈವೇಟೇ ಇತ್ತು.

ನಿಮ್ಮ ಸ್ವಂತ ಅಕೌಂಟಿನ ರೆಪೊಗೆ ಗೆಳೆಯನನ್ನು ಕೊಲಾಬೊರೇಟರ್ ಅಂತ ಸೇರಿಸಿದರೆ ಅವನಿಗೆ ಸುಮ್ನೆ ಓದುವ ಹಕ್ಕು ಮಾತ್ರ ಕೊಡಲು ಬರುವುದಿಲ್ಲ. ಅವನು ಕೋಡ್ ಪುಶ್ ಕೂಡ ಮಾಡಬಹುದು, ಅಂದರೆ ತನ್ನ ಬದಲಾವಣೆಗಳನ್ನು ರೆಪೊಗೆ ಸೇರಿಸಬಹುದು. ಓದಲು ಮಾತ್ರ ಬಿಡಬೇಕು ಅಂದರೆ ರೆಪೊ ಆರ್ಗನೈಸೇಶನ್ ಒಳಗೆ, ಅಂದರೆ ಟೀಮಿನವರೆಲ್ಲ ಸೇರುವ ಜಂಟಿ ಅಕೌಂಟಿನಲ್ಲಿ, ಇರಬೇಕು. ಅಲ್ಲಿ ರೀಡ್, ಟ್ರಯಾಜ್, ರೈಟ್, ಮೇಂಟೇನ್, ಅಡ್ಮಿನ್ ಅಂತ, ಬರೀ ಓದುವುದರಿಂದ ಹಿಡಿದು ಪೂರ್ತಿ ಹಕ್ಕಿನವರೆಗೆ, ಐದು ಹಂತ ಇವೆ. ಆದರೆ ಸಣ್ಣ ಕಂಪನಿಗಳಲ್ಲಿ ನಡೆಯುವುದು ಬೇರೆ. ಯಾರಿಗೋ ಸೆಟ್ಟಿಂಗ್ಸ್ ಕಾಣುತ್ತಿಲ್ಲ ಅಂತ ಅಡ್ಮಿನ್ ಕೊಡುತ್ತಾರೆ, ಆಮೇಲೆ ಪಕ್ಕದವನಿಗೂ ಕೊಡುತ್ತಾರೆ, ಕೊನೆಗೆ ಎಲ್ಲರೂ ಅಡ್ಮಿನ್. ಇನ್ನೊಂದು, ಬಹಳ ಜನ ನೋಡದೇ ಬಿಡುವುದು: ಆರ್ಗನೈಸೇಶನ್‌ನ ಬೇಸ್ ಪರ್ಮಿಶನ್, ಅಂದರೆ ಎಲ್ಲ ಸದಸ್ಯರಿಗೂ ಸಿಗುವ ಮೂಲ ಹಕ್ಕು, ತಾನಾಗಿಯೇ ರೀಡ್ ಅಂತ ಇರುತ್ತದೆ. ಅಂದರೆ ನಿನ್ನೆ ಸೇರಿದ ಇಂಟರ್ನ್ ಕೂಡ ಆರ್ಗನೈಸೇಶನ್‌ನ ಎಲ್ಲ ರೆಪೊಗಳನ್ನು ಓದಬಹುದು, ಪ್ರೈವೇಟ್ ಇದ್ದರೂ. ಅದನ್ನು ತೆಗೆದು, ಯಾವ ಟೀಮಿಗೆ ಯಾವುದು ಬೇಕೋ ಅಷ್ಟೇ ಕೊಡಿ.

ಕೆಲಸ ಬಿಟ್ಟು ಹೋದವರ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ನೋಟಿಸ್ ಪೀರಿಯಡ್‌ನಲ್ಲಿ ಲ್ಯಾಪ್‌ಟಾಪ್, ಚಾರ್ಜರ್, ಐಡಿ ಕಾರ್ಡ್ ಎಲ್ಲ ಎಣಿಸಿ ವಾಪಸ್ ತಗೊಳ್ತಾರೆ. ಗಿಟ್‌ಹಬ್‌ನಲ್ಲಿ ಅವನ ಹೆಸರು ವರ್ಷಗಟ್ಟಲೆ ಹಾಗೇ ಉಳಿದಿರುತ್ತದೆ. ಇದರಲ್ಲಿ ಹೋದವನ ಮೇಲೆ ಅನುಮಾನ ಪಡುವ ಮಾತೇ ಇಲ್ಲ. ನಾಳೆ ಅವನ ಪಾಸ್‌ವರ್ಡ್ ಕಳುವಾದರೆ ಕಳ್ಳನಿಗೆ ನಿಮ್ಮ ಬಾಗಿಲೂ ತೆರೆಯುತ್ತದೆ, ಅಲ್ವಾ? ಹೆಸರು ತೆಗೆದ ಮೇಲೂ ಡಿಪ್ಲಾಯ್ ಕೀ, ಅಂದರೆ ಸರ್ವರ್ ರೆಪೊದ ಕೋಡ್ ತಗೊಳ್ಳಲು ಕೊಟ್ಟ ಕೀ, ನೋಡಿ. ಅದನ್ನು ಮಾಡಿದವನನ್ನು ರೆಪೊದಿಂದ ತೆಗೆದರೂ ಆ ಕೀ ಕೆಲಸ ಮಾಡುತ್ತಲೇ ಇರುತ್ತದೆ, ಅದನ್ನು ಬೇರೆಯಾಗಿ ಅಳಿಸಬೇಕು.

ಇನ್ನು, ಪಬ್ಲಿಕ್ ರೆಪೊದಲ್ಲಿ ತಪ್ಪಿ ಪಾಸ್‌ವರ್ಡ್ ಹೋಯಿತು ಅಂತ ಗಡಿಬಿಡಿಯಲ್ಲಿ ಪ್ರೈವೇಟ್ ಮಾಡುವವರಿದ್ದಾರೆ. ಅಷ್ಟರೊಳಗೆ ಯಾರಾದರೂ ಫೋರ್ಕ್ ಮಾಡಿದ್ದರೆ, ಅಂದರೆ ತಮ್ಮ ಅಕೌಂಟಿಗೆ ನಕಲು ಮಾಡಿಕೊಂಡಿದ್ದರೆ, ಆ ಫೋರ್ಕ್ ಪಬ್ಲಿಕ್ ಆಗಿಯೇ ಉಳಿಯುತ್ತದೆ. ಪಾಸ್‌ವರ್ಡ್ ಇದ್ದ ಸಾಲು ಅಳಿಸಿ ಹೊಸ ಕಮಿಟ್ (ಉಳಿಸಿಟ್ಟ ಒಂದೊಂದು ಬದಲಾವಣೆ) ಹಾಕಿದರೂ ಹಳೇ ಕಮಿಟ್‌ನಲ್ಲಿ ಅದು ಇದ್ದೇ ಇರುತ್ತದೆ. ಮೊದಲು ಆ ಪಾಸ್‌ವರ್ಡ್ ಅಥವಾ ಕೀಯನ್ನೇ ರದ್ದು ಮಾಡಿ ಹೊಸದು ತಗೊಳ್ಳಿ, ಮಿಕ್ಕಿದ್ದು ಆಮೇಲೆ. ಟೊಯೋಟಾಗೆ ಕೆಲಸ ಮಾಡುತ್ತಿದ್ದ ಗುತ್ತಿಗೆ ಕಂಪನಿಯೊಂದು 2017ರ ಡಿಸೆಂಬರ್‌ನಲ್ಲಿ ಕೋಡಿನ ಒಂದು ಭಾಗವನ್ನು ಪಬ್ಲಿಕ್ ಆಗಿ ಹಾಕಿಬಿಟ್ಟಿತ್ತು. ಅದರಲ್ಲಿ ಸರ್ವರಿನ ಕೀ ಇತ್ತು. ಗೊತ್ತಾದದ್ದು 2022ರ ಸೆಪ್ಟೆಂಬರ್‌ನಲ್ಲಿ. ಹೆಚ್ಚುಕಮ್ಮಿ ಐದು ವರ್ಷ! ಹೊರಗುತ್ತಿಗೆಯೇ ಜೀವಾಳವಾಗಿರುವ ಪುಣೆಯಂಥ ಊರಲ್ಲಿ ಇದು ದೂರದ ಮಾತಲ್ಲ.

ಹಾಗಂತ ಎಲ್ಲವನ್ನೂ ಮುಚ್ಚಿಡಿ ಅಂತ ನಾನು ಹೇಳುತ್ತಿಲ್ಲ. 2019ಕ್ಕೆ ಮುಂಚೆ ಗಿಟ್‌ಹಬ್‌ನಲ್ಲಿ ಪ್ರೈವೇಟ್ ರೆಪೊಗೆ ದುಡ್ಡು ಕೊಡಬೇಕಿತ್ತು, ಹಾಗಾಗಿ ಕಲಿಯುವವರ ಕೋಡ್ ಜಾಸ್ತಿ ಕಣ್ಣಿಗೆ ಬೀಳುತ್ತಿತ್ತು. ಈಗ ಪುಕ್ಕಟೆ ಸಿಗುತ್ತದೆ ಅಂತ, ಚೆನ್ನಾಗಿಲ್ಲ ಅನ್ನುವ ಸಂಕೋಚಕ್ಕೆ, ನಮ್ಮ ಹುಡುಗರು ಕಾಲೇಜ್ ಪ್ರಾಜೆಕ್ಟನ್ನೂ ಅಡಗಿಸಿಡುತ್ತಾರೆ. ಇಂಟರ್‌ವ್ಯೂಗೆ ಹೋದಾಗ ತೋರಿಸಲು ಏನೂ ಇರುವುದಿಲ್ಲ. ನೀವೇ ಬರೆದ, ಯಾವ ಕೀಯೂ ಇಲ್ಲದ ಕೋಡನ್ನು ಧೈರ್ಯವಾಗಿ ಪಬ್ಲಿಕ್ ಮಾಡಿ. ಮಾಡುವ ಮುಂಚೆ ಹಳೇ ಕಮಿಟ್‌ಗಳನ್ನೊಮ್ಮೆ ನೋಡಿ, ಯಾಕೆಂದರೆ ಇಡೀ ಇತಿಹಾಸ ಹೊರಗೆ ಬರುತ್ತದೆ, ಆಕ್ಷನ್ಸ್ ಲಾಗ್‌ಗಳೂ (ಗಿಟ್‌ಹಬ್ ತಾನಾಗಿ ನಡೆಸಿದ ಕೆಲಸಗಳ ದಾಖಲೆ) ಸೇರಿ.

ಕಂಪನಿಯ ಕೋಡ್ ಮಾತ್ರ ಕಂಪನಿಯದು. ಅದನ್ನು ನಿಮ್ಮ ಸ್ವಂತ ಅಕೌಂಟಿಗೆ ಪ್ರೈವೇಟ್ ಆಗಿಯೂ ತರಬೇಡಿ.

ಟೀಮ್ ಲೀಡ್ ಆಗಿರುವವರು ಈ ವಾರ ಒಮ್ಮೆ ಸೆಟ್ಟಿಂಗ್ಸ್ ತೆರೆದು ಹೆಸರುಗಳನ್ನು ಓದಿ. ಯಾರಿಗಾದರೂ ಕೂತು ನೋಡಲು ಜೊತೆ ಬೇಕಿದ್ದರೆ ನನಗೆ ಮೆಸೇಜ್ ಮಾಡಿ, ಶನಿವಾರ ಬಾಣೇರ್ ಕಡೆ ಸಿಗುತ್ತೇನೆ. ಪಾಸ್‌ವರ್ಡ್, ಟೋಕನ್ ಯಾವುದನ್ನೂ ಮೆಸೇಜ್‌ನಲ್ಲಿ ಕಳಿಸಬೇಡಿ.