ಇದಕ್ಕೆಲ್ಲ ಯಾವ ಮೆಷಿನ್ ಇದೆ?

"ಬಟ್ಟೆಗೆ ಮೆಷಿನ್, ಪಾತ್ರೆಗೆ ಮೆಷಿನ್, ಕಸ ಹೊಡೆಯೋಕೂ ಮೆಷಿನ್. ಪರದೇಶದಲ್ಲಿ ಮನೇಲಿರೋ ಹೆಂಗಸಿಗೆ ಇನ್ನೇನು ಕೆಲಸ?" ಊರಿಂದ ಫೋನ್ ಮಾಡುವವರೆಲ್ಲ ಸುತ್ತಿ ಬಳಸಿ ಇದೇ ಮಾತಿಗೆ ಬರುತ್ತಾರೆ. ಕೇಳಿ ಕೇಳಿ ತಲೆ ಕೆಟ್ಟುಹೋಗಿದೆ. ಸರಿ, ಬಟ್ಟೆ ಮೆಷಿನ್ನೇ ಒಗೆಯುತ್ತೆ, ಒಪ್ಪಿದೆ. ಬಿಸ್ಕೆಟ್ ಪೊಟ್ಟಣದ ಹಿಂದೆ ಇರುವೆ ಸಾಲಿನ ಹಾಗೆ ಬರೆದಿರುತ್ತಲ್ಲ, ಅದನ್ನು ಯಾರು ಓದುತ್ತಾರೆ?

ನಾನು. ಅಂಗಡಿಯ ನಡುದಾರಿಯಲ್ಲಿ ನಿಂತು, ಗಾಡಿಯಲ್ಲಿ ಅಳುವ ಮಗಳನ್ನು ಒಂದು ಕಾಲಿನಿಂದ ತೂಗುತ್ತಾ ಓದುತ್ತೇನೆ. ಹಲಾಲ್ ಹೌದಾ, ಅಂದರೆ ನಮ್ಮ ಧರ್ಮದ ಪ್ರಕಾರ ತಿನ್ನಬಹುದಾದ್ದಾ ಅಂತ ನೋಡಬೇಕಲ್ಲ. ಜೆಲಾಟಿನ್ ಇದೆಯಾ? ಇದ್ದರೆ ಹಂದಿ ಚರ್ಮದ್ದಾ, ದನದ ಮೂಳೆಯದ್ದಾ? ಎಷ್ಟೋ ಸಲ ಬರೀ ಜೆಲಾಟಿನ್ ಅಂತಷ್ಟೇ ಇರುತ್ತೆ. ತಿಂಡಿಗೆ ಬೆರೆಸುವ ಇ471 ಅಂತ ಒಂದಿದೆ, ಅದು ಗಿಡದ ಎಣ್ಣೆಯಿಂದಲೂ ಬರುತ್ತೆ, ಪ್ರಾಣಿಯ ಕೊಬ್ಬಿನಿಂದಲೂ ಬರುತ್ತೆ. ಯಾವುದರಿಂದ ಅಂತ ಹೇಳುವ ಕಷ್ಟವನ್ನು ಕಂಪನಿಗಳು ತೆಗೆದುಕೊಳ್ಳೋದು ಕಡಿಮೆ. ಇ120 ಅಂದರೆ ಒಂದು ಜಾತಿ ಹುಳುವಿನಿಂದ ತೆಗೆದ ಕೆಂಪು ಬಣ್ಣ. ಅದನ್ನು ತಿನ್ನಬಹುದಾ ಬೇಡವಾ ಅನ್ನುವುದರಲ್ಲಿ ಉಲಮಾಗಳಲ್ಲೇ, ಅಂದರೆ ಧರ್ಮ ಓದಿದ ಪಂಡಿತರಲ್ಲೇ, ಒಂದೇ ಮಾತಿಲ್ಲ. ಚೀಸ್ ಹೆಪ್ಪುಗಟ್ಟಿಸೋಕೆ ಹಾಕುವ ರೆನೆಟ್ ಕರುವಿನ ಹೊಟ್ಟೆಯದ್ದೂ ಇರುತ್ತೆ, ಪ್ರಾಣಿಯ ಸಂಬಂಧವೇ ಇಲ್ಲದ್ದೂ ಇರುತ್ತೆ. ಸಸ್ಯಾಹಾರಿ ಗುರುತು ಇರುವುದನ್ನೇ ತಗೊಂಡರೆ ಮುಗಿಯಿತು ಅಂತ ಬುದ್ಧಿ ಹೇಳುವವರಿದ್ದಾರೆ. ಮುಗಿಯಲ್ಲ ಸ್ವಾಮಿ. ಕೇಕಿನಲ್ಲಿ ರಮ್ ಹಾಕಿದರೂ ಆ ಗುರುತು ಹಾಗೇ ಇರುತ್ತೆ.

"ಆಪ್ ಇದೆಯಲ್ಲ, ಸ್ಕ್ಯಾನ್ ಮಾಡು" ಅಂತಾರೆ ಇವರು. ಮಾಡಿದೆ. ಆಪ್ ಹೇಳುತ್ತೆ, "ಅನುಮಾನ". ಅನುಮಾನ ನನಗೂ ಇತ್ತು, ಅದಕ್ಕೆ ತಾನೇ ಸ್ಕ್ಯಾನ್ ಮಾಡಿದ್ದು?

ಇಷ್ಟೆಲ್ಲ ಓದಿ ಒಂದು ಬಿಸ್ಕೆಟ್ ಗೊತ್ತು ಮಾಡಿಕೊಂಡು, ಉಸ್ಸಪ್ಪಾ ಅಂತ ವರ್ಷಗಟ್ಟಲೆ ಅದನ್ನೇ ತಂದರೆ, ಒಂದು ದಿನ ಪೊಟ್ಟಣದ ಮೇಲೆ "ಹೊಸ ರುಚಿ" ಅಂತ ಬರುತ್ತೆ. ಒಳಗೆ ಏನೇನು ಬದಲಾಗಿದೆಯೋ, ಮತ್ತೆ ಮೊದಲಿಂದ ಓದು. ಮಕ್ಕಳ ವಿಟಮಿನ್ ಗಮ್ಮಿ, ಔಷಧಿಯ ಕ್ಯಾಪ್ಸೂಲ್, ಎಲ್ಲದಕ್ಕೂ ಇದೇ ಕಥೆ.

ಇನ್ನು ಹುಟ್ಟುಹಬ್ಬದ ಪಾರ್ಟಿಗಳು. ಮಗನಿಗೆ ಕರೆ ಬಂದ ದಿನದಿಂದಲೇ ನನಗೆ ತಲೆನೋವು ಶುರು. ಆ ಮಗುವಿನ ತಾಯಿಗೆ ಮೆಸೇಜ್ ಹಾಕಬೇಕು. ಜಾಸ್ತಿ ಕೇಳಿದರೆ ಇವಳದು ಅತಿಯಾಯ್ತು ಅಂದುಕೊಳ್ಳುತ್ತಾರೆ. ಕೇಳದಿದ್ದರೆ ಅಲ್ಲಿ ಹೋಗಿ ಮಗ ತಟ್ಟೆ ಮುಂದೆ ಇಟ್ಟುಕೊಂಡು ಸುಮ್ನೆ ಕೂರಬೇಕು. ಆಕೆ ಪಾಪ ಒಳ್ಳೆಯವಳೇ, "ನಿಮ್ಮ ಮಗನಿಗೆ ವೆಜ್ ಇಟ್ಟಿದ್ದೀನಿ" ಅಂತ ನಗುತ್ತಾ ಹೇಳುತ್ತಾಳೆ. ಆ ವೆಜ್ ತಟ್ಟೆಯ ಪಕ್ಕದಲ್ಲೇ ಜೆಲಾಟಿನ್ ಹಾಕಿದ ಮಾರ್ಷ್‌ಮ್ಯಾಲೋ ಮಿಠಾಯಿ ಇರುತ್ತೆ. ಬರುವಾಗ ಎಲ್ಲ ಮಕ್ಕಳ ಕೈಗೂ ಜೆಲ್ಲಿ ಮಿಠಾಯಿಯ ಚೀಲ. ಅದನ್ನು ಮಗನ ಕೈಯಿಂದ ಕಿತ್ತುಕೊಳ್ಳುವ ಕೆಟ್ಟವಳು ಯಾರು? ನಾನೇ. ಇವರು ಕಾರು ಓಡಿಸುತ್ತಾ "ಅಮ್ಮಿ ಹೇಳಿದ ಹಾಗೆ ಕೇಳು" ಅಂತ ಒಂದು ಮಾತು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಅಪ್ಪ ಯಾವತ್ತೂ ಒಳ್ಳೆಯವರು ನೋಡಿ!

ಹೊಟ್ಟೆಯದು ಹೀಗಾಯಿತು. ಕ್ಯಾಲೆಂಡರಿನದು ಇದಕ್ಕಿಂತ ದೊಡ್ಡ ರಗಳೆ. ಶಾಲೆಯವರಿಗೆ ಹಬ್ಬದ ರಜೆ ಬೇಕು ಅಂದರೆ ಮುಂಚಿತವಾಗಿ ಅರ್ಜಿ ಕೊಡಬೇಕು, ಅದರಲ್ಲಿ ದಿನಾಂಕ ಸರಿಯಾಗಿ ಬರೆಯಬೇಕು. ನಾನು ಎಲ್ಲಿಂದ ತರಲಿ ದಿನಾಂಕ? ರಂಜಾನ್ ಇಪ್ಪತ್ತೊಂಬತ್ತು ದಿನವೋ ಮೂವತ್ತು ದಿನವೋ ಅಂತ ಗೊತ್ತಾಗೋದೇ ಹಿಂದಿನ ಸಂಜೆ, ಚಂದ್ರ ಕಂಡ ಮೇಲೆ. "ಇದೋ ಅದೋ, ಎರಡರಲ್ಲಿ ಒಂದು ದಿನ" ಅಂತ ಬರೆದರೆ ಕಚೇರಿಯಲ್ಲಿ ಕೂತವರು ನನ್ನನ್ನು ನೋಡುವ ರೀತಿ ಇದೆಯಲ್ಲ! ಸುಳ್ಳು ಹೇಳಿ ಮಗನಿಗೆ ಎರಡು ದಿನ ರಜೆ ಹೊಡೆಸಲು ಬಂದವಳ ಹಾಗೆ. "ನಿಮ್ಮ ಹಬ್ಬಕ್ಕೆ ದಿನಾಂಕ ಇಲ್ವಾ?" ಅಂತ ಕೇಳಿದರು ಒಮ್ಮೆ. ಇದೆ. ಆದರೆ ಚಂದ್ರ ಅರ್ಜಿ ತುಂಬುವುದಿಲ್ಲ.

ಮನೆಯೊಳಗೂ ಇದೇ ಗದ್ದಲ. ಒಂದು ಮಸೀದಿ ಸೌದಿ ಹೇಳಿದ ದಿನ ಹಬ್ಬ ಮಾಡುತ್ತೆ, ಇನ್ನೊಂದು ಇಲ್ಲೇ ಚಂದ್ರ ಕಾಣಬೇಕು ಅನ್ನುತ್ತೆ. 2025ರಲ್ಲಿ ಸೌದಿಯಲ್ಲಿ ಮಾರ್ಚ್ 30ಕ್ಕೆ ಈದ್, ಭಾರತದಲ್ಲಿ 31ಕ್ಕೆ. ರಾತ್ರಿ ಇವರೂ ಇವರ ಗೆಳೆಯರೂ ವಾಟ್ಸಾಪ್‌ನಲ್ಲಿ ನಾಳೆಯೋ ನಾಡಿದ್ದೋ ಅಂತ ವಾದ ಮಾಡುತ್ತಾ ಕೂರುತ್ತಾರೆ. ಅಡುಗೆಮನೆಯಲ್ಲಿ ಮಾಂಸ ಫ್ರೀಜರಿನಿಂದ ತೆಗೆಯಬೇಕಾ ಬೇಡವಾ ಅಂತ ಕೇಳಿದರೆ, "ತಡಿ, ಇನ್ನೂ ಗೊತ್ತಾಗಿಲ್ಲ." ಕೊನೆಗೆ ಹನ್ನೊಂದು ಗಂಟೆಗೆ "ನಾಳೇನೇ" ಅಂತ ಕೂಗುತ್ತಾರೆ. ಅವರ ತಯಾರಿ ಅಷ್ಟಕ್ಕೆ ಮುಗಿಯಿತು, ನನ್ನದು ಆಗ ಶುರು.

ಚಾಂದ್ರಮಾನದ ವರ್ಷ ಹತ್ತು ಹನ್ನೊಂದು ದಿನ ಚಿಕ್ಕದು, ಹಾಗಾಗಿ ರಂಜಾನ್ ಪ್ರತಿ ವರ್ಷ ಹಿಂದೆ ಸರಿಯುತ್ತದೆ. ಒಂದು ವರ್ಷ ಪರೀಕ್ಷೆಗೆ ಸರಿಯಾಗಿ ಬರುತ್ತೆ, ಇನ್ನೊಂದು ವರ್ಷ ಆಟೋಟಕ್ಕೆ. 2030ರಲ್ಲಂತೂ ಜನವರಿಯಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಮತ್ತೊಮ್ಮೆ ಬರಲಿದೆ. ನನಗೆ ಉಪವಾಸದ ಬಗ್ಗೆ ಒಂದು ತಕರಾರೂ ಇಲ್ಲ, ಅದು ನನಗೂ ಅಲ್ಲಾಹನಿಗೂ ಬಿಟ್ಟದ್ದು. ತಕರಾರು ಇರುವುದು ಮನೆಯವರ ಬಗ್ಗೆ. ಬೆಳಕು ಹರಿಯುವ ಮುಂಚಿನ ಸಹರಿ ಊಟಕ್ಕೆ ಎಲ್ಲರನ್ನೂ ಎಬ್ಬಿಸಿ, ಬೆಳಗ್ಗೆ ಮಕ್ಕಳ ಡಬ್ಬಿ ಕಟ್ಟಿ, ಸಂಜೆ ಇಫ್ತಾರಿಗೆ ಕರಿಯುತ್ತಾ ನಿಂತಿದ್ದರೆ "ಇವತ್ತು ಸಮೋಸ ಇಲ್ವಾ?" ಅಂತ ಕೇಳುತ್ತಾರಲ್ಲ, ಅವರಿಗೆ ಉಪವಾಸ ಇದ್ದರೆ ನನಗೇನು ಇಲ್ವಾ?

ಊರಿನಲ್ಲಿ ಇದೆಲ್ಲ ತಾನಾಗೇ ಆಗುತ್ತಿತ್ತು. ಮಸೀದಿಯಿಂದ ನಮಾಜಿಗೆ ಕರೆಯುವ ಬಾಂಗ್ ಕೇಳಿದರೆ ಹೊತ್ತು ಗೊತ್ತಾಗುತ್ತಿತ್ತು. ಓಣಿಯ ಮಕ್ಕಳೆಲ್ಲ ಮದರಸಾಕ್ಕೆ ಹೊರಟರೆ ನಾವೂ ಟೋಪಿ, ದುಪಟ್ಟಾ ಸರಿ ಮಾಡಿಕೊಂಡು ಓಡುತ್ತಿದ್ದೆವು. ಅಜ್ಜಿ ದುಆ, ಪ್ರಾರ್ಥನೆ ಹೇಳಿಕೊಡುತ್ತಿದ್ದಳು, ಹಬ್ಬಕ್ಕೆ ಶಾಲೆಗೇ ರಜೆ. ಅಮ್ಮಂದಿರು ಯಾರಿಗೂ ಅರ್ಜಿ ಬರೆಯಬೇಕಿರಲಿಲ್ಲ. ಇಲ್ಲಿ ಬಾಂಗೂ ನಾನೇ, ಮದರಸಾವೂ ನಾನೇ, ಅಜ್ಜಿಯೂ ನಾನೇ. ಮಕ್ಕಳಿಗೆ ಕುರಾನ್ ಕಲಿಸೋಕೆ ಆನ್‌ಲೈನಿನಲ್ಲಿ ಒಬ್ಬ ಉಸ್ತಾದರನ್ನು ಗೊತ್ತು ಮಾಡಿದ್ದೇನೆ. ಅವರದು ಒಂದು ದೇಶದ ಗಡಿಯಾರ, ನಮ್ಮದು ಇನ್ನೊಂದು. ವರ್ಷಕ್ಕೆರಡು ಸಲ ಇಲ್ಲಿ ಗಡಿಯಾರ ಹಿಂದೆ ಮುಂದೆ ಮಾಡಿದಾಗ ತರಗತಿ ಸರಿಯಾಗಿ ಊಟದ ಹೊತ್ತಿಗೆ ಬಂದು ಕೂರುತ್ತೆ. ಅದನ್ನು ಹೊಂದಿಸುವವಳೂ ನಾನೇ ಅಂತ ಬೇರೆ ಹೇಳಬೇಕಾ?

ಇಷ್ಟು ಮಾಡಿ ವೀಸಾ ನವೀಕರಣದ ಅರ್ಜಿಯಲ್ಲಿ ನನ್ನ ಉದ್ಯೋಗದ ಜಾಗದಲ್ಲಿ "ಇಲ್ಲ" ಅಂತ ಬರೆಯಬೇಕು. ಅರ್ಜಿ ತುಂಬಿದವಳೂ ನಾನೇ, ಬಿಡಿ.

ಸಿಟ್ಟು ನೆತ್ತಿಗೇರುವುದು ವಿಡಿಯೋ ಕಾಲ್ ಪರೀಕ್ಷೆಗೆ. ಶುಕ್ರವಾರ ಆಯಿತು ಅಂದರೆ ಅತ್ತೆ, ನಾದಿನಿ, ದೊಡ್ಡಮಾವ ಎಲ್ಲ ಒಂದೇ ಪರದೆಯಲ್ಲಿ. "ಯಾವ ಸೂರಾ ಬರುತ್ತೆ ಹೇಳು ಬೇಟಾ." ಸೂರಾ ಅಂದರೆ ಕುರಾನಿನ ಅಧ್ಯಾಯ. ಮಗ ಗಡಿಬಿಡಿಯಲ್ಲಿ ಒಂದು ಸಾಲು ಬಿಟ್ಟರೆ ಸಾಕು, "ಅಲ್ಲಿ ಹೋಗಿ ಮಕ್ಕಳು ದೀನ್, ಧರ್ಮ ಮರೆತವು, ಭಾಬಿಗೆ ಗಮನವೇ ಇಲ್ಲ." ಪೂರ್ತಿ ಹೇಳಿದನೋ, "ನಮ್ಮ ಮನೆತನದ ರಕ್ತ ಅಲ್ವಾ!" ಹಿಡಿದು ಕೂರಿಸಿ ಕಲಿಸಿದವಳು ಪಕ್ಕದಲ್ಲೇ ನಿಂತಿದ್ದೇನೆ, ಪರದೆಯಲ್ಲಿ ನನ್ನ ಭುಜ ಮಾತ್ರ ಕಾಣುತ್ತೆ.

ಮಗನ ಮನೆಮಾತಿನ ಬಗ್ಗೆಯೂ ಇದೇ ಪಂಚಾಯ್ತಿ. ದಿನಕ್ಕೆ ಏಳು ಗಂಟೆ ಶಾಲೆಯಲ್ಲಿ ಬೇರೆ ಭಾಷೆ ಆಡುವ ಮಗು ಅದೇ ಭಾಷೆಯಲ್ಲಿ ಉತ್ತರ ಕೊಟ್ಟರೆ, ತಪ್ಪು ಅದರದ್ದೂ ಅಲ್ಲ, ನನ್ನದೂ ಅಲ್ಲ.

ಹೋದ ಶುಕ್ರವಾರ ನಾನೂ ಬಿಡಲಿಲ್ಲ. "ಅತ್ತೆ, ನೀವೇ ದಿನಾ ಹತ್ತು ನಿಮಿಷ ಇವನನ್ನು ವಿಡಿಯೋದಲ್ಲಿ ಕೂರಿಸಿಕೊಂಡು ಸೂರಾ ಹೇಳಿಸಿಬಿಡಿ. ನಿಮ್ಮ ಓದು ನನಗಿಂತ ಚೆನ್ನಾಗಿದೆ, ಮಾತೂ ಕಲೀತಾನೆ" ಅಂದೆ. ವ್ಯಂಗ್ಯಕ್ಕಲ್ಲ, ನಿಜವಾಗಿಯೂ ಕೇಳಿದ್ದು. ಅತ್ತೆ ನಾದಿನಿಯ ಮುಖ ನೋಡಿದರು, ನಾದಿನಿ ಅತ್ತೆಯ ಮುಖ ನೋಡಿದಳು.

"ಅಯ್ಯೋ ಭಾಬಿ, ನಮಗೆಲ್ಲಿ ದಿನಾ ಟೈಮ್ ಸಿಗುತ್ತೆ?"